ಕೋಟೆ ಬಾಗಿಲ ಮೇಲಿನ 'ನಾಳೆ ಬಾ'

ಅಜ್ಜನ ಅಜ್ಜನಿಗೂ ಅಜ್ಜನ ಕಾಲದಲ್ಲಿ, ಕಡಲ ದಂಡೆಯಲ್ಲಿ ಬೆಳ್ಮಳಲು ಅಂತ ಒಂದು ರಾಜ್ಯವಿತ್ತು. ಅಲ್ಲಿ ಹಾಲಿನಂಥ ಬಿಳಿ ಮರಳು ಬೇಕಾದಷ್ಟಿತ್ತು. ಅದರಿಂದ ಗಾಜು ಮಾಡೋದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಕೆಲಸವಿಲ್ಲದ ಜನ ಹಡಗು ಹತ್ತಿ ಹೊರಟುಹೋಗುತ್ತಿದ್ದರು. ಪರದೇಶದ ಗಾಜಿನವರು ಇಲ್ಲಿಗೇ ಬಂದು ಕುಲುಮೆ ಹಾಕಲಿ ಅಂತ ರಾಜ ಓಲೆ ಕಳಿಸಿದ, ಹಡಗು ನಿಲ್ಲುವ ದಕ್ಕೆಗೆಲ್ಲ ತೋರಣ ಕಟ್ಟಿಸಿದ. ಬಂದವರು ಕೋಟೆಯವರೆಗೆ ಹೋಗಿ ಹಾಗೇ ತಿರುಗಿ ಹೋದರು. ಯಾಕೆ ಅಂತ ರಾಜನಿಗೆ ತಿಳಿಯಲೇ ಇಲ್ಲ, ಪಾಪ!

ಒಂದು ದಿನ ದೂರದ ದ್ವೀಪದಿಂದ ಮರೂನಾ ಎಂಬ ಗಾಜಿನಾಕೆ ಮಡಕೆಯಲ್ಲಿ ಮಾಯದ ಬೆಂಕಿ ಹಿಡಿದು ಬಂದಳು. ದೋಣಿ ನಡೆಸುವ ಹೊನ್ನಾಜಿ ಅವಳನ್ನು ದಡಕ್ಕೆ ತಂದಳು.

"ಹೊತ್ತು ಮುಳುಗೋದರೊಳಗೆ ಇದನ್ನ ಕುಲುಮೆಗೆ ಇಳಿಸಬೇಕು ತಾಯಿ. ಆರಿದರೆ ನಾನು ಬಂದ ಹಡಗಲ್ಲೇ ವಾಪಸ್ಸು," ಅಂದಳು ಮರೂನಾ.

ಅದೇ ಹಡಗಲ್ಲಿ ಕೆಲಸ ಹುಡುಕಿ ಹೊರಡಲು ಹೊನ್ನಾಜಿಯ ಅಕ್ಕ ಚಿನ್ನಕ್ಕ ಗಂಟು ಕಟ್ಟಿಕೊಂಡು ಕೂತಿದ್ದಳು. ಒಡಹುಟ್ಟಿದವಳನ್ನು ಬಿಟ್ಟಿರೋದು ಹೊನ್ನಾಜಿಯ ಕೈಲಾಗದ ಮಾತು; ಇಲ್ಲೇ ಕುಲುಮೆ ಹೊತ್ತಿದರೆ ಅಕ್ಕ ಹೋಗಬೇಕಿರಲಿಲ್ಲ. "ಬನ್ನಿ ಅಮ್ಮಾ, ನಾನಿದ್ದೀನಿ," ಅಂದಳು.

ಕೋಟೆಗೆ ಸುತ್ತಲೂ ಮೂರು ಬಾಗಿಲು. ಮೂರರ ಮೇಲೂ 'ನಾಳೆ ಬಾ' ಅಂತ ಸುಣ್ಣದಲ್ಲಿ ಬರೆದಿತ್ತು. ಯಾವುದೋ ಕಾಲದ ರಾಕ್ಷಸಿ ಓದಿಕೊಂಡು ಹಿಂದಿರುಗಲಿ ಅಂತ ಬರೆದದ್ದು. ಆಸ್ಥಾನದ ಮಾಂತ್ರಿಕ ಕರಾಳಯ್ಯ ಅದು ಮಾಸದ ಹಾಗೆ ದಿನಾ ಅದರ ಮೇಲೇ ತಿದ್ದುತ್ತಿದ್ದ.

ಮೊದಲ ಬಾಗಿಲಲ್ಲಿ ಕಲ್ಲಿನ ಸಿಂಹ ಗುರ್ರೆಂದಿತು. "ಆನೆಯ ಮುದ್ರೆ ಎಲ್ಲಿ? ನಾಳೆ ಬಾ."

ಎರಡನೆಯದರಲ್ಲಿ ಹಿತ್ತಾಳೆಯ ಆನೆ ಸೊಂಡಿಲೆತ್ತಿತು. "ಮೊಸಳೆಯ ಮುದ್ರೆ ಎಲ್ಲಿ? ನಾಳೆ ಬಾ."

ಮೂರನೆಯದರಲ್ಲಿ ಮರದ ಮೊಸಳೆ ಆಕಳಿಸಿತು. "ಸಿಂಹದ ಮುದ್ರೆ ಎಲ್ಲಿ? ನಾಳೆ ಬಾ."

ಅಯ್ಯೋ ಶಿವನೇ, ಹೀಗೆ ಸುತ್ತಿದರೆ ಯಾವ ಜನ್ಮಕ್ಕೆ ಮುಗಿದೀತು? ಬೆಂಕಿ ಬೆರಳಿನಷ್ಟಾಗಿತ್ತು.

"ಮೊಸಳೆಯಣ್ಣ, ನೀನು ಸಿಂಹವನ್ನ ನೋಡಿ ಎಷ್ಟು ದಿನವಾಯ್ತು?" ಕೇಳಿದಳು ಹೊನ್ನಾಜಿ.

"ನೂರು ವರ್ಷ. ಎದ್ದು ಬಾ ಅಂತ ಯಾರೂ ಕರೆದಿಲ್ಲ."

"ನಾನು ಕರೀತೀನಿ, ಏಳು ಮತ್ತೆ!"

ಹಾಗೇ ಆನೆಯನ್ನೂ ಸಿಂಹವನ್ನೂ ಕರೆತಂದು ಒಂದೇ ಬೇವಿನ ಮರದಡಿ ಕೂರಿಸಿದಳು. ಎದುರಾಬದುರು ಕೂತ ಮೇಲೆ ಇನ್ನೇನು? ಮರೂನಾ ತಂದಿದ್ದ ರಾಜನ ಓಲೆಯೊಂದರ ಮೇಲೇ ಮೂರೂ ಮುದ್ರೆ ಬಿತ್ತು. ಆದರೆ ಬಾಗಿಲು ಅಲ್ಲಾಡಲಿಲ್ಲ. ಹೊನ್ನಾಜಿ ಸೆರಗು ಒದ್ದೆ ಮಾಡಿಕೊಂಡು ಬರಹದತ್ತ ಹೋದಳು.

ಗೋಡೆಯ ಮೇಲಿಂದ ಕರಾಳಯ್ಯ ಕಿರುಚಿದ. "ಮುಟ್ಟಬೇಡ! ರಾಕ್ಷಸಿ ಬರ್ತಾಳೆ!" ಪಕ್ಕದಲ್ಲಿದ್ದ ರಾಜನೂ ಬೇಡ ಬೇಡ ಅಂತ ಕೈಯಾಡಿಸಿದ.

"ರಾಕ್ಷಸಿಯ ಮಾತು ಹಾಗಿರಲಿ ಬುದ್ಧಿ, ನೀವು ಕರೆದವರೂ ಇದನ್ನೇ ಓದಿಕೊಂಡು ಹೋದರಲ್ಲ!" ಅಂದವಳೇ ಹೊನ್ನಾಜಿ ಬರಹವನ್ನು ಒರೆಸಿಬಿಟ್ಟಳು; ಉಳಿದೆರಡು ಬಾಗಿಲ ಬರಹವೂ ತಾನಾಗಿ ಅಳಿಸಿಹೋಯಿತು. ತಿರುಗಿ ಹೋದವರು ಕಳಕೊಂಡ ದಿನಗಳನ್ನು ತಿಂದೇ ಬದುಕಿದ್ದ ಕರಾಳಯ್ಯ ಸುಣ್ಣದ ಪುಡಿಯಾಗಿ ಗಾಳಿಗೆ ಹಾರಿಹೋದ.

ಮೂರೂ ಬಾಗಿಲು ತೆರೆದವು. ರಾಜನಿಗೋ ಹಿಗ್ಗೋ ಹಿಗ್ಗು, ಮರೂನಾಳ ಕಡೆ ತಿರುಗಿದ. "ಮರಳು ತಗೊಳ್ಳಮ್ಮ, ನಮ್ಮೂರ ಹೊಳೆಯನ್ನೂ ತಗೋ!"

"ತಡೀರಿ ಬುದ್ಧಿ," ಅಂದಳು ಹೊನ್ನಾಜಿ. "ಮರಳು ಕೊಡೋಣ. ಹೊಳೆ ನಮ್ಮದೇ ಇರಲಿ. ಇವರು ನಮ್ಮವರಿಗೆ ಕೆಲಸವನ್ನೂ ಕಲಿಸಲಿ."

ಮರೂನಾ ನಕ್ಕಳು. "ನ್ಯಾಯವಾದ ಮಾತು. ಎಲ್ಲರಿಗಿಂತ ಮೊದಲು ಯಾರಿಗೆ ಕಲಿಸಲಿ?"

"ನಮ್ಮಕ್ಕನಿಗೆ!"

ಹೊತ್ತು ಮುಳುಗುವಾಗ ಕುಲುಮೆ ಹೊತ್ತಿತು. ಚಿನ್ನಕ್ಕ ಗಂಟು ಬಿಚ್ಚಿ, ಒಳಗಿದ್ದ ಪಾತ್ರೆ ತೆಗೆದು, ಮರೂನಾಳಿಗೆ ಅನ್ನಕ್ಕಿಟ್ಟಳು. ಹಡಗು ಅವಳನ್ನು ಬಿಟ್ಟೇ ಹೋಯಿತು. ಅವರ ಮನೆಯ ಗಾಜಿನ ದೀಪ ಅಲ್ಲಿ ಬೆಳಗಿತು, ಕತೆ ಕೇಳಿದ ನಿಮ್ಮ ಮನೆಯ ದೀಪ ಇಲ್ಲಿ ಬೆಳಗಲಿ.