ಬಳೆಯಿಲ್ಲದ ಕೈ

"ಮುಟ್ಟಬ್ಯಾಡ್ರೀ!"

ನರ್ಸ್ ನಾಗವೇಣಿಯ ಕೂಗಿಗೆ ಹನುಮೇಶ್ ಬೆಚ್ಚಿ ನಿಂತ. ತಾಯಿಯ ಹೊಟ್ಟೆಯ ಹೊಲಿಗೆಯತ್ತ ಚಾಚಿದ ಅವನ ಬೆರಳುಗಳು ನೀಲಿಗಟ್ಟಿದ್ದವು.

"ಹೊಲಸಲ್ರಿ ಸಿಸ್ಟರ್, ಜೀನ್ಸ್ ಬಣ್ಣ. ಶೆಡ್ಡಿನಾಗ ಬಟ್ಟಿ ಕತ್ತರಿಸ್ತೀನಿ. ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ."

"ಬಣ್ಣ ಇರ್ಲಿ. ಕಣ್ಣಿಗೆ ಕಾಣದ್ದು ಹೋಗ್ಬೇಕು. ಸೋಪ್ ಹಚ್ಚಿ ತೊಳ್ಕೊಂಬರ್ರಿ!"

ಅವನು ನಕ್ಕ. ಮಾಸ್ಕಿನೊಳಗೆ ಅವಳ ತುಟಿಯೂ ಅರಳಿತು... ಯಾಕೋ!

ಅಷ್ಟರಲ್ಲಿ ತಾಯಿ ತಿಪ್ಪಕ್ಕ ಕಣ್ಣು ಬಿಟ್ಟಳು. ನಾಗವೇಣಿಯ ಬರಿಗೈ ಕಂಡದ್ದೇ ಚೀರಿದಳು.

"ಗಂಡ ಸತ್ತಾಕಿ ಕೈಲೆ ನನ್ನ ಮುಟ್ಟಿಸಬ್ಯಾಡೋ! ಬಳಿ ಇದ್ದೋರ್ನ ಕರಿ!"

ರಾಯದುರ್ಗದ ಆ ನರ್ಸಿಂಗ್ ಹೋಮಿನಲ್ಲಿ ಗಾಯ ಮುಟ್ಟುವವರು ಯಾರೂ ಬಳೆ ತೊಡುವಂತಿರಲಿಲ್ಲ. ಬಳೆಯಡಿ ಅಡಗಿದ ಸೋಂಕು ಒಬ್ಬರ ಗಾಯದಿಂದ ಇನ್ನೊಬ್ಬರಿಗೆ ದಾಟುತ್ತದೆ.

'ನನಗಿನ್ನೂ ಮದುವೆಯೇ ಆಗಿಲ್ಲ' ಎಂಬ ಮಾತು ನಾಗವೇಣಿಯ ನಾಲಿಗೆ ತುದಿಗೆ ಬಂತು. ನೆಲ ಒರೆಸುತ್ತಿದ್ದ ಹೇಮಕ್ಕ ತಲೆ ತಗ್ಗಿಸಿದ್ದು ಆಗಲೇ ಕಣ್ಣಿಗೆ ಬಿತ್ತು. ಗಂಡ ಸತ್ತ ಹೇಮಕ್ಕ!

'ನಾನು ತಪ್ಪಿಸಿಕೊಂಡರೆ ಇವಳ ಕೈ ಮೈಲಿಗೆ ಅಂತ ಒಪ್ಪಿದಂತಲ್ಲವೇ?'

ನಾಗವೇಣಿ ಮಾತನ್ನು ನುಂಗಿದಳು.

"ಗಂಡ ಸತ್ರೆ ಕೈಯಾಗ ಕೀವು ಬರ್ತದೇನಮ್ಮಾ?"

ತಿಪ್ಪಕ್ಕ ಗೋಡೆಗೆ ಮುಖ ತಿರುಗಿಸಿದಳು.

ಮರುದಿನ ಹೊಲಿಗೆ ಕೆಂಪಾಯಿತು. ಜ್ವರ ಏರಿತು. ಆದರೂ ಆಕೆ ಸೆರಗು ಸರಿಸಲೊಲ್ಲಳು. ಹನುಮೇಶ್ ಅವಳ ಮಂಚದ ಅಂಚಿಗೆ ಕುಳಿತ.

"ಅವ್ವಾ, ಒಬ್ಬೊಬ್ಬರ್ನ ಮುಟ್ಟೋ ಮೊದ್ಲು ಆಕಿ ಹೆಂಗ ಕೈ ತೊಳಿತಾಳ ನೋಡು! ನಮ್ಮನ್ಯಾಗ ದೇವರ ಮುಂದೂ ಯಾರೂ ಹಂಗ ತೊಳಿಯಂಗಿಲ್ಲ. ಅಂಥ ಕೈ ನಮ್ಮನಿಗೆ ಬಂದ್ರ ನನಗ ಅದೇ ಪುಣ್ಯ!"

ಇಡೀ ವಾರ್ಡು ತಿರುಗಿ ನೋಡಿತು. ನಾಗವೇಣಿಯ ಕಿವಿ ಬಿಸಿಯಾಯಿತು...

ತಿಪ್ಪಕ್ಕ ಮಗನ ಮುಖ ನೋಡಿದಳು. ಆಮೇಲೆ ಮೆಲ್ಲನೆ ಸೆರಗು ಸರಿಸಿದಳು.

ನಾಗವೇಣಿ ಬೆರಳ ಸಂದಿ, ಉಗುರು, ಮಣಿಕಟ್ಟು ತಿಕ್ಕಿ ತೊಳೆದು, ಗ್ಲೌಸ್ ಹಾಕಿ ಗಾಯ ಶುಚಿಮಾಡಿದಳು.

"ತಣ್ಣಗಾತವ್ವ..." ತಿಪ್ಪಕ್ಕನ ಕಣ್ಣಂಚು ಒದ್ದೆಯಾಯಿತು.

ಜ್ವರ ಇಳಿದು ಮನೆಗೆ ಹೊರಟ ದಿನ, ಅಂಗಳದಲ್ಲಿ ಹನುಮೇಶ್ ತಡವರಿಸಿದ.

"ಸಿಸ್ಟರ್... ತೀರ್ಕೊಂಡೋರ್ನ ಮರೀರಿ ಅನ್ನಂಗಿಲ್ರಿ. ಅವ್ರ ಫೋಟೋನೂ ನಮ್ಮನ್ಯಾಗ ಇಡೋಣ. ನನ್ನ ಮದುವಿ ಆಗ್ತೀರೇನ್ರಿ?"

ಅವಳಿಗೆ ನಗು, ಅಳು ಒಟ್ಟಿಗೇ ಬಂದವು.

"ಯಾರ ಫೋಟೋರಿ ಇಡ್ಲಿ? ನನಗ ಮದುವೀನ ಆಗಿಲ್ಲ!"

"ಆಂ! ಮತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನಾನೊಬ್ಬಾಕಿ ಪಾರಾಗ್ತಿದ್ದೆ. ಹೇಮಕ್ಕ?"

ಅವನು ಕೈಮುಗಿದ.

"ಅವ್ವಗ ಈಗ ಹೇಳಲೇನ್ರಿ?"

"ಬ್ಯಾಡ. ಗಂಡ ಸತ್ತಾಕಿ ಅಂತ ತಿಳ್ಕೊಂಡೇ ಹೂಂ ಅನ್ಲಿ. ಆಮ್ಯಾಲ ನಾ ಹೇಳ್ತೀನಿ."

ಆಟೋದೊಳಗಿಂದ ತಿಪ್ಪಕ್ಕ ಕೂಗಿದಳು.

"ಏ ಹನುಮ್ಯಾ! ಗಂಡ ಸತ್ರೇನಾತು, ಆ ಕೈಯಿಂದ ಬದುಕೀನಿ ನಾನು. ಕೇಳಿದ್ಯೋ, ಬರೇ ಬೆವರ್ತಾ ನಿಂತೀಯೋ?"

"ಕೇಳೀನವ್ವಾ!"

"ಏನಂದ್ಳು?"

ಹನುಮೇಶ್ ಅವಳ ಮುಖ ನೋಡಿದ. ನಾಗವೇಣಿ ಮಾಸ್ಕ್ ಕೆಳಗೆಳೆದು ತಾನೇ ಕೂಗಿ ಹೇಳಿದಳು.

"ಹೂಂ ಅಂದೆ, ಅತ್ತೀ!"