ಲೈನ್ ವಹಿಯ ಕಳುವಾದ ಹಾಳೆ

"ವಹಿ ಐತ್ರಿ ಅಕ್ಕಾರ, ಅದರಾಗಿನ ಹಾಳಿ ಇಲ್ಲ," ಎನ್ನುತ್ತ ಪ್ರಜ್ಞಾ ಟೀಚರ್ ಬುಧವಾರ ಮುಂಜಾನೆ ಶೇವಂತೆವ್ವನವರ ಪಡಸಾಲೆಯಲ್ಲಿ ಕುಸಿದು ಕುಳಿತರು.

ಶೇವಂತೆವ್ವನವರು ಇಂಡಿ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ನಿವೃತ್ತಿಯ ಬಳಿಕ ಊರಿನ ಕಳವು ತಕರಾರುಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ಎದುರಿನ ಝೆರಾಕ್ಸ್ ಅಂಗಡಿಯವನಾದ ನಾನು, ಅಫ್ತಾಬ, ಗಿರಾಕಿಗಳನ್ನು ಬಿಟ್ಟು ಅವರ ಬೆನ್ನು ಹತ್ತುತ್ತಿದ್ದೆ. ಅವರಿಗೆ ಸಾಕ್ಷಿ ಬೇಕು. ನನಗೆ ಮೋರೆ ನೋಡಿದರೆ ಸಾಕು, ಸಂಶಯ ಬಂದುಬಿಡುತ್ತದೆ.

ತಾಂಬಾದ ಶಾಲೆಯಲ್ಲಿ ಕಲಿಸುವ ಪ್ರಜ್ಞಾ ಎರಡು ವರ್ಷದಿಂದ ಒಂದೇ ಶಬ್ದದ ಬೆನ್ನು ಬಿದ್ದಿದ್ದರು: ಲೈನ್. ಝಳಕಿಯ ಲಾರಿಗಳು ಹಚ್ಚುವ ಲೈನ್, ಹತ್ತಿ ಹೊಲದ ಲೈನ್, ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಹೊಡೆಯುವ ಲೈನ್, ಕುಡಿತ ಬಿಟ್ಟವನು ಬರುವ ಲೈನ್. ಆಡಿದವರ ಹೆಸರು, ಊರು, ತಾರೀಖು ಸಮೇತ ಎಲ್ಲವನ್ನೂ ವಹಿಯಲ್ಲಿ ಬರೆದಿದ್ದರು.

"ಲೈನ್ ಮ್ಯಾಲೆ ಇರ್ರಿ, ಅದನ್ನ ಬರದೀಯಿಲ್ಲೋ?" ಎಂದರು ಶೇವಂತೆವ್ವ.

"ಬರದೇನ್ರಿ. ಹೋಗಿದ್ದು ಲೈನ್ ಕ್ಲಿಯರ್ ಹಾಳಿ. ಬರೇ ನನ್ನ ಬಾಯಿಮಾತು ಯಾರೂ ನಂಬೂದಿಲ್ಲ. ಅದು ಇಲ್ಲಂದ್ರ ಚಂದಪ್ಪ ಕೆಟ್ಟ."

ಲೈನ್‌ಮನ್ ಕಂಬ ಹತ್ತುವ ಮೊದಲು ವಿದ್ಯುತ್ ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳಬೇಕು. ಅಲ್ಲಿನ ಆಪರೇಟರ್ ಕರೆಂಟ್ ತೆಗೆದು ಒಂದು ನಂಬರ್ ಕೊಡುತ್ತಾನೆ. ಕೆಳಗಿಳಿದು ಅದೇ ಲೈನ್‌ಮನ್ನೇ ಆ ನಂಬರ್ ಹೇಳಿದರೆ ಮಾತ್ರ ಮತ್ತೆ ಕರೆಂಟ್. ಗುತ್ತಿಗೆ ಲೈನ್‌ಮನ್ ಚಂದಪ್ಪ ಹಿಂದಿನ ತಿಂಗಳು ಮಸೂತಿ ಊರಿನ ಹೊಲದಲ್ಲಿ ಕಂಬದ ಮೇಲಿದ್ದಾಗ ಕರೆಂಟ್ ಬಂತು. ಬಲಗೈ ಸುಟ್ಟಿತು. ಆ ದಿನದ್ದೇನೂ ಅವನಿಗೆ ನೆನಪಿಲ್ಲ. ಕ್ಲಿಯರ್ ಕೇಳದೆ ಹತ್ತಿದ, ತಪ್ಪು ಅವನದೇ ಎಂದು ಸೂಪರ್‌ವೈಸರ್ ಅನಿಲ ಬರೆದುಕೊಟ್ಟಿದ್ದ. ಶುಕ್ರವಾರ ವಿಚಾರಣೆ. ಸೋತರೆ ಕೆಲಸ ಹೋಗುವುದರ ಜೊತೆಗೆ ಕಳಂಕವೂ ಹತ್ತುತ್ತಿತ್ತು.

"ಅವತ್ತು ನಾ ಅಲ್ಲೇ ಕಂಬದ ಬುಡಕ ಇದ್ದೆ, ಅವ ಫೋನ್‌ನಾಗ ಕೇಳಿದ್ದನ್ನ ನಾನೇ ಬರಕೊಂಡೇನ್ರಿ," ಎಂದರು ಪ್ರಜ್ಞಾ. "ನನ್ನ ಪೆನ್ ಇಸಕೊಂಡು ನಂಬರ ತನ್ನ ಬಿಳಿ ಚಪ್ಪಲಿ ಮ್ಯಾಲ ಬರದು ಅಲ್ಲೇ ಬಿಟ್ಟ. ಕೆಳಗ ಇಳದ ಕೂಡ್ಲೆ ಕಾಣ್ತೈತಿ ಅಂದ. ಅದೂ ಹಾಳ್ಯಾಗಿತ್ತು. ಆಮ್ಯಾಲ ನಾ ಬಸ್ ಹಿಡದೆ. ಚಪ್ಪಲಿ ಅವತ್ತೇ ಎಲ್ಲಿ ಹೋದುವೋ ಗೊತ್ತಿಲ್ಲ. ಆ ಚಪ್ಪಲಿ ಮಾತು ನಾ ಯಾರಿಗೂ ಹೇಳಿಲ್ಲ. ಹಾಳಿ ಐತಿ ಅಂತ ಮಾತ್ರ ಸೋಮವಾರ ಸ್ಟಾಫ್‌ರೂಮಿನ್ಯಾಗ ಹೇಳಿ, ವಹಿ ಅಲ್ಲೇ ಬಿಟ್ಟು ಕ್ಲಾಸಿಗೆ ಹೋಗಿದ್ದೆ."

ಅಂದು ಅಲ್ಲಿದ್ದವರು ಮೂವರು. ಇಂಥದ್ದೇ ಶಬ್ದಸಂಗ್ರಹ ಮಾಡುತ್ತಿದ್ದ ಮಾಸ್ತರ ಸುನೀಲಕುಮಾರ, ಮಗಳ ಸಲುವಾಗಿ ಬಂದಿದ್ದ ಸ್ಟೇಷನ್ ಆಪರೇಟರ್ ಗುರುನಾಥ, ಶಾಲೆಯ ವೈರಿಂಗ್ ಮಾಡಿಸಲು ಬಂದಿದ್ದ ಅನಿಲ. ನಾನು ಮಾಸ್ತರನೇ ಕಳ್ಳ ಎಂದೆ. ಅವನ ಮೋರೆಯೇ ಹಾಗಿತ್ತು.

ಶೇವಂತೆವ್ವ ವಹಿಯನ್ನು ನನ್ನ ಕೈಗಿಟ್ಟರು. ಹಾಳೆ ಹರಿದಿರಲಿಲ್ಲ. ನಡುವಿನ ಪಿನ್ನುಗಳನ್ನು ಎತ್ತಿ, ಜೋಡಿಹಾಳೆ ತೆಗೆದು, ಮತ್ತೆ ಒತ್ತಿದ್ದರು. ಪಿನ್ನಿನ ಮೇಲೆ ಇಕ್ಕಳದ ಹಲ್ಲಿನ ಗುರುತಿತ್ತು.

ಮರುದಿನ ಮುದ್ದೇಬಿಹಾಳಕ್ಕೆ ಹೋದೆವು. ಅವಘಡದ ದಿನ ಬೆಳಗಿನಿಂದ ಸಂಜೆವರೆಗೆ ಅಲ್ಲಿದ್ದೆ ಎಂದು ಅನಿಲ ಬರೆದಿದ್ದ. ನಿಜವೇ. ಅವನಿಗೆ ವೈರು ಮಾರುವ ಅಮೀನುದ್ದೀನ ಆಣೆ ಮಾಡಿ ಹೇಳಿದ. ನನಗೆ ಬೇಸರವಾಯಿತು. ಶೇವಂತೆವ್ವ ಮಾತ್ರ ಖುಷಿಯಿಂದ ಎರಡು ಕಪ್ ಚಹಾ ಕುಡಿದರು.

ಶುಕ್ರವಾರ ಬಸವನ ಬಾಗೇವಾಡಿಯ ಪ್ರವಾಸಿ ಮಂದಿರದಲ್ಲಿ ಎಲ್ಲರೂ ಸೇರಿದರು. ವಿಚಾರಣಾಧಿಕಾರಿ ರಾಜೇಶ್ವರಿ ಅವರ ಅನುಮತಿ ಪಡೆದು ಶೇವಂತೆವ್ವ ಎದ್ದು ನಿಂತರು.

"ಚಂದಪ್ಪ ನಂಬರ ತಗೊಂಡಿದ್ದ. ಬರಕೊಂಡೂ ಇದ್ದ."

ಅನಿಲ ನಕ್ಕ. "ಚಪ್ಪಲಿ ಮ್ಯಾಲ ಗೀಚಿದ್ದೆಲ್ಲ ಪುರಾವೆ ಆಕ್ಕೈತೇನ್ರಿ?"

"ಚಪ್ಪಲಿ ಸುದ್ದಿ ಇಲ್ಲಿ ಯಾರು ತಗದರಪಾ?"

ಅನಿಲನ ನಗು ಇಳಿಯಿತು.

"ಮಾಸ್ತರಿಗೆ ಬೇಕಾಗಿದ್ರ ಇಡೀ ವಹೀನ ಒಯ್ತಿದ್ದರು," ಎಂದರು ಶೇವಂತೆವ್ವ. "ಹೋಗಿದ್ದು ಒಂದ ಹಾಳಿ. ಅದರ ಅಂಜಿಕಿ ಇದ್ದದ್ದು ಗುರುನಾಥಗ, ಇಲ್ಲಾ ನಿನಗ. ಪಿನ್ ಎತ್ತಿದ್ದು ಇಕ್ಕಳ. ಮಗಳ ಮಾರ್ಕ್ಸ್ ಕೇಳಾಕ ಬಂದ ಗುರುನಾಥ ಇಕ್ಕಳ ಯಾಕ ತರ್ತಾನ? ಚಪ್ಪಲಿ ಮಾತು ಟೀಚರ್ ನಮ್ಮನ್ನ ಬಿಟ್ಟು ಯಾರಿಗೂ ಹೇಳಿಲ್ಲ, ಚಂದಪ್ಪಗ ನೆನಪಿಲ್ಲ. ಕಂಬದ ಕೆಳಗ ನೋಡೇನಿ ಅನ್ನಾಕ ನೀ ಮುದ್ದೇಬಿಹಾಳದಾಗಿದ್ದಿ, ನಾವೇ ಖಾತ್ರಿ ಮಾಡ್ಕೊಂಡೇವಿ. ಉಳಿದದ್ದು ಆ ಹಾಳಿ ಒಂದ. ನೀ ಅದನ್ನ ಓದೀದಿ."

ಆಮೇಲೆ ಗುರುನಾಥನತ್ತ ತಿರುಗಿದರು. "ಕ್ಲಿಯರ್ ಕೊಟ್ಟ ಕೂಡ್ಲೆ ರಜಿಸ್ಟರಿನ್ಯಾಗ ಬರೀತೀಯೋ, ಡ್ಯೂಟಿ ಮುಗಿಯೂ ಹೊತ್ತಿಗೆ ಎಲ್ಲಾ ಕೂಡಿಸಿ ಬರೀತೀಯೋ?"

ಗುರುನಾಥ ಮುಖ ಮುಚ್ಚಿಕೊಂಡ. "ಕೂಡಿಸಿ ಬರೀತೇನ್ರಿ. ಚಂದಪ್ಪ ಇಳದಾನ, ಲೈನ್ ಚಾಲೂ ಮಾಡು ಅಂತ ಅನಿಲನ ಫೋನ್ ಬಂತು. ಚಂದಪ್ಪನ ದನಿ ಕೇಳಬೇಕಿತ್ತು, ಕೇಳಲಿಲ್ಲ. ಆಮ್ಯಾಲ ಅಂಜಿ ಆ ಕ್ಲಿಯರ್ ಬರೀಲೇ ಇಲ್ಲ."

ಚಂದಪ್ಪ ಇಳಿದಿರಬೇಕೆಂದು ಊಹಿಸಿಯೇ ಫೋನ್ ಮಾಡಿದೆ, ಆಮೇಲೆ ಹೆದರಿ ಹಾಳೆಯನ್ನು ಕದ್ದು ಸುಟ್ಟೆನೆಂದು ಅನಿಲ ನೆಲ ನೋಡುತ್ತ ಒಪ್ಪಿಕೊಂಡ. ಅವನನ್ನು ಹೊಡೆಯಬೇಕೆನಿಸಿತು ನನಗೆ.

ತಪ್ಪು ಚಂದಪ್ಪನದಲ್ಲ ಎಂದು ರಾಜೇಶ್ವರಿ ಬರೆಸಿದರು. ಗುಮಾಸ್ತ ಅವನ ಬ್ಯಾಂಡೇಜು ನೋಡಿ ಹೆಬ್ಬೆಟ್ಟಿನ ಮಸಿಡಬ್ಬಿ ಮುಂದೆ ತಳ್ಳಿದ.

"ಬ್ಯಾಡ್ರಿ," ಎಂದ ಚಂದಪ್ಪ. "ನಮ್ಮ ಮನ್ಯಾಗ ಸಹಿ ಕಲ್ತಾಂವ ನಾ ಒಬ್ಬನ."

ಪೆನ್ನನ್ನು ಎಡಗೈಯಲ್ಲಿ ಹಿಡಿದು ಮೇಜಿನ ಮೇಲೆ ಬಾಗಿದ. ಒಂದೊಂದು ಅಕ್ಷರಕ್ಕೂ ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.