ಹಲಗೆಯ ಮೇಲೆ ಸಾತು ಅತ್ತೆ

"ಇದು ಸಾತು ಅತ್ತೇನಾ, ಆಲೂಗಡ್ಡೇನಾ?" ಅಣ್ಣ ವೀಚೊ ಕಿಸಕ್ಕನೆ ನಕ್ಕ.

ನೆಲಿದಾ ಹಲಗೆಯ ಮೇಲಿನ ಮುಖವನ್ನು ಒದ್ದೆ ಬಟ್ಟೆಯಿಂದ ಮತ್ತೆ ಒರೆಸಿದಳು. ಮೂಗು ತಿದ್ದಿದರೆ ಕಣ್ಣು ಸೊಟ್ಟ, ಕಣ್ಣು ತಿದ್ದಿದರೆ ಬಾಯಿ ಸೊಟ್ಟ.

ನಾಳೆ ತೋಮಾಸ್ ಮಾವನ ಹೊಸ ಮನೆಗೆ ಮಾಡು ಹೊದಿಸುತ್ತಾರೆ. ಊರಿನ ಪದ್ಧತಿಯಂತೆ, ಅಪ್ಪ ಬಣ್ಣದ ಚಿತ್ರ ಬರೆಯುತ್ತಿರುವ ಈ ಉದ್ದನೆಯ ಹಲಗೆಯನ್ನು ಹಾಡುತ್ತಾ ಹೊತ್ತೊಯ್ದು ಅಲ್ಲಿನ ತೊಲೆಗೆ ಕಟ್ಟುತ್ತಾರೆ. ಮನೆಯವರು, ನೆಂಟರು ಎಲ್ಲರೂ ಅದರಲ್ಲಿ ಇರಲೇಬೇಕು. ಹೋದ ವರ್ಷ ಇನ್ನೊಂದು ಮನೆಯ ಹಲಗೆಯಲ್ಲಿ ಮಾವನ ತಂಗಿ ಸಾತು ಅತ್ತೆಯನ್ನೇ ಮರೆತಿದ್ದರು. ಅತ್ತೆ ಊಟ ಮಾಡದೆ ಎದ್ದುಹೋಗಿದ್ದಳು.

ಈ ಸಲ ಅತ್ತೆಯನ್ನು ಬರೆಯುವ ಕೆಲಸ ನೆಲಿದಾಳದು. ಅವಳು ಮನುಷ್ಯರ ಚಿತ್ರ ಬರೆಯುತ್ತಿರುವುದು ಇದೇ ಮೊದಲು.

"ಅಪ್ಪಾ, ಅತ್ತೆಗೆ ತನ್ನ ಗುರುತೇ ಸಿಗದಿದ್ರೆ? ಮತ್ತೆ ಎದ್ದು ಹೋಗ್ಬಿಟ್ರೆ?"

ಅಪ್ಪ ಕೋಳಿಗರಿಯನ್ನು ಕೆಮ್ಮಣ್ಣಿನ ಬಣ್ಣಕ್ಕೆ ಅದ್ದಿದ. "ನಾನು ಬರೆದಿರೋ ಮುಖಗಳನ್ನ ನೋಡು, ಪುಟ್ಟಿ."

ನೋಡಿದಳು. ಎಲ್ಲವೂ ಒಂದೇ ಥರ! ದುಂಡು ಮುಖ, ಚುಕ್ಕೆ ಕಣ್ಣು. ಆದರೂ ತನ್ನ ತಂತಿವಾದ್ಯ ಹಾರ್ಪನ್ನು ತಬ್ಬಿಕೊಂಡವನು ತೋಮಾಸ್ ಮಾವನೇ.

"ಹೊರಗೆ ಹೋಗಿ ಸುಮ್ನೆ ಕೂತ್ಕೊ. ದಾರಿ ನೋಡ್ತಾ ಇರು," ಎಂದ ಅಪ್ಪ.

ಎದುರಿನ ಗುಡ್ಡದ ಮೇಲೆ ಮಂಜು ಇಳಿದಿತ್ತು. ಅದರೊಳಗಿಂದ ಬೆರಳುದ್ದದ ಮನುಷ್ಯರು ತೇಲಿದಂತೆ ಬರುತ್ತಿದ್ದರು. ಬೆನ್ನ ಮೇಲೆ ಸೌದೆ ಹೊತ್ತವರು, ಕುರಿ ಅಟ್ಟುವವರು. ಎಲ್ಲರ ಹಿಂದೆ ಒಬ್ಬಳು. ಮುಖ ಕಾಣಲಿಲ್ಲ. ಅವಳ ಕೈಯಿಂದ ನೂಲುವ ಕದಿರು ಗಿರ್ರನೆ ತಿರುಗುತ್ತಾ ಇಳಿಯುತ್ತಿತ್ತು. ಮಂಜನ್ನೇ ಎಳೆದು ನೂಲು ಮಾಡುತ್ತಿದ್ದಾಳೇನೋ ಅನ್ನಿಸುವ ಹಾಗೆ.

"ಸಾತು ಅತ್ತೆ!" ನೆಲಿದಾ ಒಳಗೆ ಓಡಿದಳು.

ಮರುದಿನ ಹಲಗೆ ಮಾವನ ಅಂಗಳಕ್ಕೆ ಬಂತು. ಸಾತು ಅತ್ತೆ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ನಾನೆಲ್ಲಿ? ಈ ಸಲಾನೂ ಇಲ್ವಾ?"

ಅವಳ ಬೆರಳು ಹಲಗೆಯ ಮೇಲೆ ಕೆಳಗಿನಿಂದ ಹತ್ತುತ್ತಾ ಹೋಯಿತು. ಕದಿರು ಹಿಡಿದ ಹೆಂಗಸಿನ ಮೇಲೆ ಬೆರಳು ನಿಂತಿತು.

"ಅಯ್ಯೋ, ನೋಡ್ರೇ! ಇಲ್ಲೂ ನನ್ನ ಕೈಗೆ ಬಿಡುವಿಲ್ಲ!"

ಅಂಗಳವೆಲ್ಲ ನಕ್ಕಿತು.

"ಯಾರು ಬರೆದಿದ್ದು? ಮೂಗು ಸಣ್ಣ ಮಾಡಿದ್ದಾರೆ. ಒಳ್ಳೇದೇ ಆಯ್ತು ಬಿಡಿ," ಎಂದವಳೇ ಅತ್ತೆ ಊಟಕ್ಕೆ ಎಲ್ಲರಿಗಿಂತ ಮೊದಲು ಕೂತಳು.

ಸಂಜೆ ಮನೆಗೆ ಹೋಗುವಾಗ ನೆಲಿದಾ ತಿರುವಿನಲ್ಲಿ ನಿಂತು ಹಿಂದೆ ನೋಡಿದಳು. ಅಂಗಳದಲ್ಲಿದ್ದವರೆಲ್ಲ ಮಂಜಿನಲ್ಲಿ ಮತ್ತೆ ಬೆರಳುದ್ದವಾಗಿದ್ದರು. ಅಲ್ಲಿಂದ ಯಾರಾದರೂ ನೋಡಿದರೆ ತಾನೂ ಅಷ್ಟೇ ಕಾಣುತ್ತೇನಲ್ಲವೇ?

ಅವಳು ಮುಷ್ಟಿ ಬಿಡಿಸಿದಳು. ಅತ್ತೆಯನ್ನು ಬರೆದ, ತುದಿ ಕೆಂಪಾದ ಕೋಳಿಗರಿ ಇನ್ನೂ ಅಲ್ಲೇ ಇತ್ತು. ದೂರಕ್ಕೂ ಕಾಣುವ ಹಾಗೆ ಅದನ್ನು ತುಸು ಮೇಲೆತ್ತಿ ಹಿಡಿದು ನಡೆದಳು.